ಹಾಜರಿ ಪುಸ್ತಕ ಒಪ್ಪಿಸುವಾಗ

ಬಾ ತಮ್ಮಾ, ಕೂತ್ಕೋ. ಆ ಕುರ್ಚಿಯ ಎಡಗಾಲು ಸಡಿಲ,
ಬಲಕ್ಕೆ ವಾಲಿಕೊಂಡೇ ಕೂರಬೇಕು.
ಹದಿನೇಳು ವರ್ಷ ನಾನು ಹಾಗೆ ಕೂತವ.
ಧಾರವಾಡದಲ್ಲಿ ಓದಿ ಬಂದವ ನೀನು,
ಕಲಮುಗಳೆಲ್ಲ ಬಾಯಿಪಾಠ ಇರಬಹುದು.
ನನಗೆ ಬಾಯಿಪಾಠ ಇರುವುದು ಈ ಶೆಡ್ಡು,
ಬೈತಖೋಲಕ್ಕೆ ಬೋಟು ಎಷ್ಟು ಹೊತ್ತಿಗೆ ಬಂದರೆ
ಯಾರ ಮನೆಯ ಒಲೆ ಎಷ್ಟು ತಡವಾಗಿ ಹೊತ್ತುತ್ತದೆ ಎಂಬುದು.

ಮೊದಲು ಸುಲಭದ್ದು.
ಸಂಬಳ ಏಳನೇ ತಾರೀಖು ದಾಟಬಾರದು.
ಗೋವೆಯ ಪಾರ್ಟಿ ಹಣ ಹಾಕಿಲ್ಲ,
ಕಂಟೇನರು ಬಂದರಿನಲ್ಲೇ ನಿಂತಿದೆ ಅಂತಾರೆ ಧಣಿ.
ನಿಂತಿರಲಿ. ಏಳು ಅಂದರೆ ಏಳು.
ಪಾಳಿ ಮೀರಿದ ತಾಸಿಗೆ ಇಮ್ಮಡಿ ಕೂಲಿ;
ಚಾ-ಬನ್ನು ಕೊಟ್ಟೆವಲ್ಲ ಎಂಬುದು ಲೆಕ್ಕಕ್ಕೆ ಬಾರದು.
ನೇಮಕದ ಕಾಗದ ಪ್ರತಿಯೊಬ್ಬರ ಕೈಗೂ,
ಓದಲು ಬಾರದವರಿಗೆ ನೀನೇ ಓದಿ ಹೇಳು.
ಶೇವಂತಿ ತಾಂಡೇಲಳಿಗೆ ನಾನು ಓದಿ ಹೇಳಿದಾಗ ನಕ್ಕಳು:
‘ಲಗ್ನ ಮಾಡಿಕೊಂಡವನೂ ಇಷ್ಟು ಮಾತು ಕೊಟ್ಟಿರಲಿಲ್ಲ.’

ಜೂನು, ಜುಲೈ ಸಮುದ್ರಕ್ಕೇ ರಜೆ.
ಮೀನು ಮೊಟ್ಟೆಯಿಡಲಿ ಅಂತ ಸರಕಾರವೇ ಬೋಟು ಕಟ್ಟಿಸುತ್ತದೆ.
ಸಿಗಡಿಗೆ ಸಿಕ್ಕ ಹೆರಿಗೆ ರಜೆಯನ್ನು
ಸಿಗಡಿ ಸುಲಿಯುವವಳಿಗೂ ಕೊಡಿ ಎನ್ನಲು
ಇಲ್ಲಿ ಮೂರು ಮೀಟಿಂಗು ಬೇಕಾಯಿತು.

ಈಗ ಕಷ್ಟದ್ದು.
ಇನ್ನೂರಾ ನಲವತ್ತು.
ರಾತ್ರಿ ಹಾವಿನ ಹೆಸರು ಹೇಳದ ಹಾಗೆ
ಧಣಿಗಳು ಈ ಅಂಕೆಯನ್ನು ಬಾಯಿಗೆ ತರುವುದಿಲ್ಲ.
ವರ್ಷದಲ್ಲಿ ಅಷ್ಟು ದಿನ ದುಡಿದವಳನ್ನು
ನಾಳೆಯಿಂದ ಬರಬೇಡ ಎನ್ನಲಾಗದು;
ತಿಂಗಳ ನೋಟೀಸು, ಪರಿಹಾರ,
ಕಾರಣವೂ ಕಾಗದದ ಮೇಲೆ.
ಅದಕ್ಕೇ ಇನ್ನೂರಾ ಮೂವತ್ತೆಂಟನೇ ದಿನ ಯಾರೋ ಬಂದು
ನಿನ್ನ ಮೇಜಿನ ಮೇಲೆ ಬೆರಳು ತಟ್ಟುತ್ತಾರೆ.
ನನ್ನ ಮೇಜಿನ ಮೇಲೂ ತಟ್ಟಿದ್ದರು.
ನಾಲ್ಕು ವರ್ಷ ಕೆಂಪು ಗೆರೆ ಎಳೆದೆ,
ಹೆಸರು ಹೊಡೆದು ಹತ್ತು ದಿನ ಬಿಟ್ಟು ಮತ್ತೆ ಬರೆದೆ.
ಎಳೆದವ ನಾನೇ. ಸುಳ್ಳೇಕೆ.

ಆಮೇಲೆ ಯಂತ್ರ ಬಂತು. ಗೋಡೆಯ ಮೇಲಿದೆ ನೋಡು,
ಹಸಿರು ಕಣ್ಣಿನದ್ದು.
ಬೆರಳಿಟ್ಟರೆ ಹೆಸರು ಹೇಳುತ್ತದೆ.
ನನ್ನದು ಹೇಳಿತು, ಧಣಿಯ ಅಳಿಯನದು ಹೇಳಿತು,
ಐಸು ಒಡೆಯುವ ಜುಜೆಯದ್ದು ಎರಡನೇ ಸಲಕ್ಕೆ ಹೇಳಿತು.
ಸುಲಿಯುವ ಹೆಂಗಸರಿಗೆ ಮಾತ್ರ
‘ಮತ್ತೆ ಪ್ರಯತ್ನಿಸಿ’.
ಐಸಿನ ನೀರು, ಉಪ್ಪು, ಸಿಗಡಿ ತಲೆಯ ಮುಳ್ಳು:
ಹೆಬ್ಬೆಟ್ಟಿನ ಗೆರೆಗಳು
ಕಾಳಿಯ ಅಳಿವೆಯ ಮರಳಿನ ಹಾಗೆ ತೊಳೆದುಹೋಗಿದ್ದವು.
ಶೇವಂತಿ ಸೆರಗಿಗೆ ಒರೆಸಿದಳು, ಬೆರಳ ಮೇಲೆ ಉಸಿರುಬಿಟ್ಟಳು,
ತಲೆಗೂದಲಿಗೆ ತಿಕ್ಕಿ ಎಣ್ಣೆ ಹಿಡಿಸಿದಳು.
ಮತ್ತೆ ಪ್ರಯತ್ನಿಸಿ.
ವರ್ಷದ ಕೊನೆಗೆ ಅವಳ ಲೆಕ್ಕ: ನೂರಾ ತೊಂಬತ್ತಾರು.
‘ನೋಡಿದಿರಾ, ನಾವೇನೂ ಮಾಡಿಲ್ಲ’ ಎಂದ ಅಳಿಯ.
ಹೌದು. ಕೆಂಪು ಗೆರೆಯ ಕೆಲಸವನ್ನು
ಕೆಲಸವೇ ಮಾಡಿತ್ತು.

ಆ ಸಂಜೆ ಪೇಟೆಗೆ ಹೋಗಿ ಈ ಪುಸ್ತಕ ತಂದೆ.
ಉದ್ದ ಹಾಳೆ, ರಟ್ಟಿನ ಹೊದಿಕೆ, ನನ್ನ ಜೇಬಿನ ದುಡ್ಡು.
ಶೂರತನವೇನಲ್ಲ; ನಿದ್ದೆ ಬರುತ್ತಿರಲಿಲ್ಲ, ಅಷ್ಟೆ.
ಶೇವಂತಿ ‘ಶೇ’ ಬರೆಯಲು ಕಲಿತಳು,
ಉಳಿದ ಅಕ್ಷರಕ್ಕೆ ಪುರಸೊತ್ತಿಲ್ಲವಂತೆ.
ಈ ಪುಟ ನೋಡು, ಇದಿಷ್ಟೂ ಅವಳು.
ಎರಡು ವರ್ಷದ ಮೇಲೆ ಅವಳನ್ನು ತೆಗೆದಾಗ
ಕಾರ್ಮಿಕ ಇಲಾಖೆಯ ಸಾಹೇಬರು ಇದನ್ನು ತಿರುವಿದರು.
ಹಾಳೆಯ ಮಧ್ಯೆ ಒಣಗಿದ ಸಿಗಡಿ ಮೀಸೆ.
ಮೂಗಿನ ಹತ್ತಿರ ಹಿಡಿದು ಅಂದರು:
‘ಇದು ಕಚೇರಿಯಲ್ಲಿ ಕೂತು ಬರೆದದ್ದಲ್ಲ.’

ಅವಳು ಮತ್ತೆ ಬಂದಳು. ಧಣಿ ನನ್ನೊಡನೆ
ದಸರೆಯವರೆಗೆ ಮಾತಾಡಲಿಲ್ಲ.
ತೆಗೆಯಲೂ ಇಲ್ಲ. ಪುಸ್ತಕದ ಮೊದಲ ಸಾಲು
ನನ್ನ ಹೆಸರಿನದೇ.

ಇಗೋ ಪೆನ್ನು. ಒದ್ದೆ ಕಾಗದದ ಮೇಲೂ ಬರೆಯುತ್ತದೆ.
ಐದೂವರೆಗೆ ಮಾಜಾಳಿಯ ಟೆಂಪೋ ಬರುತ್ತದೆ,
ಗೇಟಿನ ಹತ್ತಿರ ನಿಂತಿರು, ಹೆಸರು ಕೇಳಿ ಬರಕೋ.
ಜುಜೆ ಯಾವತ್ತೂ ಎರಡು ನಿಮಿಷ ತಡ.
ಅಷ್ಟು ಬಿಡು.