ನರದಂಥ

ಎಡದವಡೆಯ ಬುದ್ಧಿಹಲ್ಲು ಕಿತ್ತ ದಿನ
ಡಾಕ್ಟರಿಗೆ ಹೇಳಿದ್ದೆ: ಎಸೆಯಬೇಡಿ.
ಗುಲಾಬಿ ದ್ರವದ ಕೊಳವೆಯಲ್ಲಿ ಅದನ್ನು ಮುಳುಗಿಸಿ
ಅರ್ಧ ಮುಖ ಮರಗಟ್ಟಿದವಳು
ಕನ್ಸೆಪ್ಸಿಯೋನಿನ ಬಸ್ಸು ಹತ್ತಿದೆ.
ಟಿಕೆಟ್ಟು ಕೇಳಿದ ಮಾತು ಜೊಲ್ಲಾಗಿ ಬಂತು.

ಒಡೆದರೆ ಒಳಗೆ ಅಕ್ಕಿಕಾಳಿನಷ್ಟು ತಿರುಳು.
ಮೂವತ್ತೊಂದು ವರ್ಷ ಏನೂ ಆಗದೆ
ಏನಾದರೂ ಆದೇನೆಂದು ಕೂತಿದ್ದ ಕೋಶಗಳು.
ಹಾಸಿದೆ, ಉಣಿಸಿದೆ, ಮೂವತ್ತೇಳು ಡಿಗ್ರಿ ಕಾವು ಕೊಟ್ಟೆ.
ಹೇಂಟೆಗಿಂತ ಕಡೆಯಿಲ್ಲ ನೀನು, ನಕ್ಕಳು ಫ್ರೆಸಿಯಾ.

ಹನ್ನೆರಡನೆಯ ದಿನ ಔಷಧಿಯ ಹನಿ.
ಐದೇ ಗಂಟೆಯಲ್ಲಿ
ಚಪ್ಪಟೆ ಬಿದ್ದಿದ್ದವು ದುಂಡಗಾಗಿ
ಎಳೆ ಎಳೆಯಾಗಿ ಕೈ ಚಾಚಿದವು,
ಒಂದರ ಬೆರಳು ಇನ್ನೊಂದರ ಬೆರಳಿಗೆ.
ಬಣ್ಣ ಹಾಕಿದರೆ ಹಸಿರಾಗಿ ಹೊಳೆದವು.
"ಯಾನೀರಾ, ನರ!" ಎಂದು ಅವಳು ಕೂಗಿದ್ದು
ಕೆಳಮಹಡಿಯ ಕಾವಲುಗಾರನಿಗೂ ಕೇಳಿತು.

ಪ್ರೊಫೆಸರ್ ಓವಾಲ್ಯೆ ಮಾತ್ರ ನನ್ನ ಹಾಳೆಯಲ್ಲಿ
ನರ ಎಂಬುದರ ಮುಂದೆ ಪೆನ್ಸಿಲಿನಿಂದ
ದಂಥ ಎಂದು ಸೇರಿಸಿ ಚಹಾ ಕುಡಿಯಲು ಹೋದರು.
ಅವಸರದ ಅಕ್ಷರ. ನಾನು ಮೊದಲು ದಂತ ಎಂದೇ ಓದಿದೆ.
ರಾತ್ರಿಯೆಲ್ಲ ಆ ಎರಡಕ್ಷರ
ಹಲ್ಲಸಂದಿಗೆ ಸಿಕ್ಕ ಮಾಂಸದ ನಾರು.

ಬೇರೆ ತಟ್ಟೆ ಇಟ್ಟೆ. ಇದಕ್ಕೆ ಔಷಧಿಯಿಲ್ಲ,
ಉರಿಸುವ ದ್ರಾವಣ, ಬರೀ ಯಾತನೆ.
ಕ್ಯಾಮೆರಾ ನಿಮಿಷಕ್ಕೊಂದು ಚಿತ್ರ ತೆಗೆಯಿತು.
ಓಡಿಸಿ ನೋಡಿದರೆ
ಇಲ್ಲೂ ಅದೇ ಕೈ, ಅದೇ ಬೆರಳು.

ಯಾವುದೂ ಕೈ ಚಾಚಿರಲಿಲ್ಲ.
ಮೈ ಹಿಂದೆ ಸರಿದಿತ್ತು,
ನೆಲಕ್ಕೆ ಅಂಟಿದಷ್ಟು ಅಲ್ಲೇ ಉಳಿದಿತ್ತು.

ಭೂಮಿ ನಡುಗಿದ ಆ ರಾತ್ರಿ ತಾಲ್ಕಾವಾನೊದಲ್ಲಿ
ಕಡಲು ಹೀಗೇ ಸರಿದದ್ದು.
ತಿಂಗಳ ಬೆಳಕಲ್ಲಿ ಕೆಸರ ಮೇಲೆ ಗೆರೆಗೆರೆ ನೀರು,
ಮಗ್ಗುಲಾದ ದೋಣಿಗಳು.
ಮೀನು ಹೆಕ್ಕಲು ಇಳಿಯಹೊರಟ ಮಾವಂದಿರನ್ನು
ಅಜ್ಜಿ ಬಾಯಿಗೆ ಬಂದಂತೆ ಬೈದು ಗುಡ್ಡ ಹತ್ತಿಸಿದಳು:
ದಾರಿ ಬಿಟ್ಟದ್ದಲ್ಲವೋ ಅದು, ಉಸಿರೆಳೆದುಕೊಂಡದ್ದು.

ಓವಾಲ್ಯೆ ಎರಡು ಸಲ ನೋಡಿದರು.
ಕನ್ನಡಕ ಒರೆಸಿಕೊಂಡರು.
"ನಿಧಾನದ ದಾರಿ ಹಿಡಿ. ಮೂರು ವಾರ.
ಮಿಡಿದರೆ ಕರೆ. ಆಕಾರಕ್ಕೆ ಕರೆಯಬೇಡ."

ಹಿಮದಲ್ಲಿ ಇನ್ನೆರಡು ಸೀಸೆಗಳಿವೆ, ನನ್ನವೇ.
ಒಂದನ್ನು ಅಂಗೈಯಲ್ಲಿ ಕರಗಿಸುತ್ತ
ಚೀಟಿಗೆ ತಾರೀಖು ಬರೆಯುತ್ತಿದ್ದೇನೆ.
ನಾಲಗೆ ಮಾತ್ರ ಹೋಗಿ ಹೋಗಿ ಖಾಲಿ ಕುಳಿ ಮುಟ್ಟಿ
ನೋಯುತ್ತದೆಯೇ ಎಂದು ನೋಡಿ ಬರುತ್ತದೆ.
ನೋಯುತ್ತದೆ.