ಓಡ್‌ವೈಗ್ ಬಂದ ದಿನಗಳು

ಯಾವಾಗಲೂ ಕೆಡುವುದಾದರೆ ಕೆಟ್ಟಿದೆ ಅನ್ನಬಹುದು.
ಇದು ಹಾಗಲ್ಲ. ಸೋಮವಾರ ಎದ್ದಿತು,
ಮಂಗಳವಾರ ಎದ್ದಿತು, ಬುಧವಾರ
ನೀಲಿ ಮುಸುಕೆಳೆದು ಮಲಗಿಬಿಟ್ಟಿತು.
ಹೊರಗೆ ಕಟ್ಟೆಗೆ ಎರಡು ದೋಣಿ,
ಹೊಟ್ಟೆ ತುಂಬ ಕಾಡ್ ಮೀನು,
ತೂಕ ಬರೆಸಿಕೊಳ್ಳುವವರಿಲ್ಲ.

ಫಿನ್‌ಮಾರ್ಕಿನ ಬಂದರು, ಹಗಲು ಹುಟ್ಟದ ತಿಂಗಳು.
ಬಸ್ಸಿಳಿದು ಹೋದಾಗ ಮಧ್ಯಾಹ್ನ ಎರಡು, ಅಂದರೆ ಕತ್ತಲು.
ಟೂರ್ಲೈಫ್ ಬಾಗಿಲಲ್ಲೇ ಹೇಳಿದ:
"ನೀನು ಬಂದೆಯಲ್ಲ, ಈಗ ನೆಟ್ಟಗಿರುತ್ತೆ ನೋಡು."
ನೆಟ್ಟಗಿತ್ತು.
ದಂತವೈದ್ಯರ ಮೆಟ್ಟಿಲು ಹತ್ತುವಾಗ ಹಲ್ಲುನೋವು ಹೋದ ಹಾಗೆ.
ಏಳು ಸಲ ಆರಿಸಿದೆ, ಏಳು ಸಲ ಎದ್ದಿತು,
ನೆಂಟರೆದುರು ಪದ್ಯ ಒಪ್ಪಿಸುವ ಮಗುವಿನಂತೆ.

ಮೆಮೊರಿ ಕಳಚಿ, ಉಜ್ಜಿ, ಮತ್ತೆ ಕೂರಿಸಿದೆ.
ಡಿಸ್ಕಿಗೆ ಕಿವಿಗೊಟ್ಟೆ. ಫ್ಯಾನಿನೊಳಗಿಂದ
ಒಂದು ಹಿಡಿ ಮೀನುಪೊರೆಯ ಧೂಳು.
ಪರದೆಯ ಮೂಲೆಯಲ್ಲಿ ನೆಟ್‌ವರ್ಕ್ ಇಲ್ಲವೆಂಬ
ಚಿಕ್ಕ ಕೆಂಪು ಕತ್ತರಿ ಗುರುತು ಇತ್ತು.
ಕಂಡೂ ನಾಳೆಗೆಂದು ಬಿಟ್ಟೆ.
(ಇದನ್ನು ಬಿಲ್ಲಿನಲ್ಲಿ ಬರೆದಿಲ್ಲ.)

ಮರುದಿನ ಬೆಳಗಿನ ಐದಕ್ಕೆ ಬಿತ್ತು.
ಸುತ್ತುವ ಚುಕ್ಕಿಗಳು ನಾಲ್ಕನೆಯ ಸುತ್ತಿಗೆ ನಿಂತವು,
ಆಮೇಲೆ ನೀಲಿ.
ಸಾಯುವ ಮುಂಚೆ ಅದು ಬರೆದಿಟ್ಟ ಕೊನೆಯ ಪುಟ ತೆರೆದೆ:
ಅಂಕಿಗಳ ಕೆಸರು, ನಡುವೆ ಒಂದು ಹೆಸರು,
ನೆಟ್‌ವರ್ಕಿನ ಬಾಗಿಲಲ್ಲಿ ನಿಲ್ಲುವ ಯಾವುದೋ ಕಾವಲು ಡ್ರೈವರ್,
ವಯಸ್ಸು ಹದಿನಾರು ವರ್ಷ.

ಸರಿ, ಕಳ್ಳ ಸಿಕ್ಕ. ಆದರೆ ದಿನವೂ ಮನೆಯಲ್ಲೇ ಇರುವ ಕಳ್ಳ
ಕೆಲವು ದಿನ ಮಾತ್ರ ಯಾಕೆ ಕದಿಯುತ್ತಾನೆ?

ಟೂರ್ಲೈಫನ ತೂಕದ ಪುಸ್ತಕ ತಿರುವಿದೆ.
ಯಂತ್ರ ಬಿದ್ದ ದಿನ ಪೆನ್ಸಿಲಿನ ಅಕ್ಷರ.
ಗೋಡೆಯ ಮೇಲೆ ಇನ್ನೊಂದು ಹಾಳೆ: ನೆಲ ತೊಳೆಯುವ
ಓಡ್‌ವೈಗ್ ಬರುವ ದಿನಗಳು.
ಒಂದರ ಪಕ್ಕ ಒಂದಿಟ್ಟೆ.
ಕಾಗೆ ಕೂತಿದ್ದಕ್ಕೇ ಕೊಂಬೆ ಮುರಿಯಿತು ಅನ್ನಬಾರದೆಂದು
ನನಗೂ ಗೊತ್ತು. ಆದರೆ ಹದಿನೇಳು ಸಲ ಕೂತು
ಹದಿನೇಳು ಸಲವೂ ಮುರಿದರೆ?

"ಬಂದ ಕೂಡಲೇ ಏನು ಮಾಡ್ತೀರಿ?"
"ಕಾಫಿಗೆ ನೀರಿಡ್ತೀನಿ. ಇನ್ನೇನು?"
ಪ್ಲಗ್ಗಿನ ಪಟ್ಟಿ ಒಂದೇ. ಕೆಟಲಿನ ಪಕ್ಕದಲ್ಲಿ
ಹಸಿರು ದೀಪದ ನೆಟ್‌ವರ್ಕ್ ಪೆಟ್ಟಿಗೆ.
ಹನ್ನೆರಡಕ್ಕೆ ಹೊರಡುವಾಗ ಪಟ್ಟಿ ಆರಿಸುತ್ತಾಳೆ.
ಹಳೆಯ ಶೆಡ್ಡು ಸುಟ್ಟದ್ದನ್ನು ಕಣ್ಣಾರೆ ಕಂಡವಳು,
ಯಾರ ಮಾತೂ ಕೇಳುವುದಿಲ್ಲ.

ಅವಳಿಲ್ಲದ ದಿನ ಟೂರ್ಲೈಫ್ ಮೊದಲು ಕಂಪ್ಯೂಟರ್ ಒತ್ತುತ್ತಾನೆ,
ಕಾಫಿ ಆಮೇಲೆ. ಕೇಬಲ್ಲಿನಾಚೆ ಮೌನ,
ಮುದಿ ಕಾವಲುಗಾರ ನಿಧಾನಕ್ಕೆ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬರುತ್ತಾನೆ.
ಅವಳು ಬಂದ ದಿನ ಅವನು ಕಣ್ಣುಜ್ಜುವ ಮೊದಲೇ
ಆಚೆಯಿಂದ ಬಡಿತ.
ಧಡಕ್ಕನೆದ್ದು ತನ್ನದಲ್ಲದ ಮಂಚಕ್ಕೆ ಕಾಲು ತಾಗಿ
ಮನೆಯನ್ನೇ ಕೆಡವಿ ಬೀಳುತ್ತಾನೆ.

ಹಾಕಿದವನು ಯೋಸ್ಟೈನ್. ಈಗ ಹಿಮ ಬಾಚುವ ಗಾಡಿ ಓಡಿಸುತ್ತಾನೆ.
ಫೋನಿನಲ್ಲಿ ಎಂಜಿನ್ನಿನ ಗುಡುಗು, ಮೇಲೆ ಅವನ ನಗು:
"ಅದಿನ್ನೂ ಇದೆಯಾ? ಟ್ರೊಮ್ಸೋ ಕಚೇರಿ ಜೊತೆ ಮಾತಾಡೋಕೆ ಹಾಕಿದ್ದು.
ಕಚೇರಿ ಮುಚ್ಚಿ ಎಷ್ಟೋ ವರ್ಷ ಆಯ್ತಲ್ಲ!"

ಕಿತ್ತೆ. ಬೇರು ಉಳಿದಿತ್ತು, ಅದನ್ನೂ ಹುಡುಕಿ ಕಿತ್ತೆ.
ಕಾರ್ಡಿನ ಡ್ರೈವರ್ ಹೊಸದು ಹಾಕಿದೆ.

ಓಡ್‌ವೈಗ್ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆ.
"ಅಂದರೆ, ಇಷ್ಟು ದಿನ ನನ್ನಿಂದ?"
ಅಲ್ಲ ಅಂದೆ. ಅಲ್ಲವೇ ಅಲ್ಲ ಅಂದ ಟೂರ್ಲೈಫ್,
ಅವಶ್ಯಕ್ಕಿಂತ ಜೋರಾಗಿ.
ಅವಳು ಪಟ್ಟಿಯ ಕಡೆ ನೋಡಿದಳೇ ಹೊರತು ಮುಟ್ಟಲಿಲ್ಲ.

"ಹಾಕಿ," ಅಂದೆ. "ನೀವೇ ಹಾಕಬೇಕು. ಪರೀಕ್ಷೆ ಅದೇ."

ಹಾಕಿದಳು. ಹಸಿರು ದೀಪ ಮಿಟುಕಿತು.
ನಾನು ಗುಂಡಿ ಒತ್ತಿದೆ.
ಒಂದು ಸುತ್ತು, ಎರಡು, ಮೂರು.
ಕೆಟಲು ಗೊರಗೊರ ಅನ್ನತೊಡಗಿತು.
ನಾಲ್ಕನೆಯದಕ್ಕೆ ಮೂವರಲ್ಲಿ ಯಾರೂ ಉಸಿರಾಡಲಿಲ್ಲ.

ಟೂರ್ಲೈಫ್ ಪೆನ್ಸಿಲನ್ನು ಕಿವಿಯಿಂದ ತೆಗೆದು
ಜೇಬಿಗೆ ಹಾಕಲಿಲ್ಲ, ಮೇಜಿಗೂ ಇಡಲಿಲ್ಲ,
ಒಮ್ಮೆ ತಿರುಗಿಸಿ ನೋಡಿ
ಮತ್ತೆ ಕಿವಿಗೇ ಸಿಕ್ಕಿಸಿಕೊಂಡು
ದೋಣಿಯ ಹಗ್ಗ ಬಿಗಿಯಲು ಹೋದ.