ನೀರಿಗೆದುರು

ಅಲ್ ಹಮ್ರಾದ ತೋಟದಂಚಿಗೆ ಬಂದಾಗ
ಬಾಟಲಿಯಲ್ಲಿ ಉಳಿದದ್ದು
ಮುಚ್ಚಳದಷ್ಟು, ಅದೂ ಬಿಸಿ.
ಕಾಲಬುಡದಲ್ಲೇ ಫಲಜ್ ಕಾಲುವೆ,
ತಿಳಿ ಅಂದರೆ ತಿಳಿ.
ಬೊಗಸೆಯೊಡ್ಡಿದೆ.

"ಮಾಫಿ, ಮಾಫಿ!"
ಕುದುರೆಮೆಂತೆ ಕೊಯ್ಯುತ್ತಿದ್ದ ತೊಫಜ್ಜಲ್
ಕುಡುಗೋಲೆತ್ತಿ ಕೂಗಿದ:
"ಇದು ಖರ್ಜೂರ ಕುಡಿಯುವ ನೀರು.
ಯೂರಿಯಾ ಚೀಲ ಜಾಲಿಸಿದವನು ನಾನೇ.
ಮೇಲಕ್ಕೆ ನಡಿ."

ನೀರಿಗೆದುರಾಗಿ ನಡೆದೆ.
ಬಟ್ಟೆ ಒಗೆಯುವ ಕಲ್ಲು, ಮೀಯುವ ಮರೆ,
ಮಸೀದಿಯ ವುಜೂ ಕಟ್ಟೆ,
ಒಂದೊಂದು ದಾಟಿದಂತೆ
ನೀರಿಗೆ ಕೆಲಸ ಕಡಿಮೆ.

ಬೆಟ್ಟದ ಬಾಯಲ್ಲಿ
ಇನ್ನೂ ಯಾರ ಕೈಗೂ ಸಿಗದ ನೀರು,
ಸರಪಳಿಗೆ ಕಟ್ಟಿದ ನೆಗ್ಗಿದ ಲೋಟ.
ಹಲ್ಲು ಜುಮ್ಮೆನ್ನುವಷ್ಟು ಕುಡಿದೆ.

ಬಾಟಲಿ ತುಂಬಿಕೊಂಡೆ,
ಚೀಲದಲ್ಲಿದ್ದ ಜ್ಯೂಸಿನ ಖಾಲಿ ಡಬ್ಬಿಯನ್ನೂ.
ಕೆಳಗೆ ತೊಫಜ್ಜಲ್‌ಗೆ
ಇನ್ನೆರಡು ಮಡಿ ಕೊಯ್ಲು ಬಾಕಿ.